ಖಗ್ರಾಸ ಗ್ರಹಣದಲ್ಲಿ ಸೂರ್ಯನ ರೇಡಿಯೊ ಸಂಕೇತ ಸೊನ್ನೆಗೆ ಇಳಿಯುತ್ತದೆಯೇ? ಜೆದ್ದಾದಿಂದ ಒಂದು ಪ್ರಶ್ನೆ

ಕಡಲತಡಿಯವ, ಜೆದ್ದಾ

ಎಲ್ಲರಿಗೂ ನಮಸ್ಕಾರ. ನಾನು ಭಟ್ಕಳ ಕಡೆಯವನು. ಜೆದ್ದಾದಲ್ಲಿ ಡಿಶ್ ಕೂರಿಸುವುದು, ರಿಸೀವರ್ ರಿಪೇರಿ ಮಾಡುವುದು ನನ್ನ ಕಸುಬು. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. 2027ರ ಆಗಸ್ಟ್ 2ರ ಖಗ್ರಾಸ ಸೂರ್ಯಗ್ರಹಣದ ನೆರಳು ಅಟ್ಲಾಂಟಿಕ್‌ನಲ್ಲಿ ಹುಟ್ಟಿ, ಸ್ಪೇನಿನ ದಕ್ಷಿಣ ತುದಿಯನ್ನು ತಾಗಿ, ಉತ್ತರ ಆಫ್ರಿಕದ ಮೇಲೆ ಹರಿದು, ಈಜಿಪ್ಟಿನ ಲಕ್ಸರ್ ದಾಟಿ, ಕೆಂಪು ಸಮುದ್ರದ ಮೇಲಿಂದ ನಾವಿರುವ ಊರಿಗೇ ಬರುತ್ತದೆ. ಲಕ್ಸರ್ ಬಳಿ 6 ನಿಮಿಷ 23 ಸೆಕೆಂಡು ಪೂರ್ಣ ಕತ್ತಲೆ, ಇಲ್ಲಿಯೂ ಆರು ನಿಮಿಷದ ಆಸುಪಾಸು. ಇಂಥದ್ದು ಮನೆ ಬಾಗಿಲಿಗೆ ಬಂದಾಗ ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ನಿಲ್ಲಲು ನನಗೆ ಮನಸ್ಸಿಲ್ಲ.

ಸೂರ್ಯನ ರೇಡಿಯೊ ನಮ್ಮ ಕಸುಬಿನವರಿಗೆ ಹೊಸದೇನಲ್ಲ. ಪ್ರತಿ ಮಾರ್ಚ್ ಮತ್ತು ಅಕ್ಟೋಬರ್ ಸುಮಾರಿಗೆ ಸೂರ್ಯ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಆಗ ಕೆಲವು ದಿನ ಒಂದೇ ಹೊತ್ತಿಗೆ ಸರಿಯಾಗಿ ಟಿವಿ ಚಿತ್ರ ಚೂರುಚೂರಾಗುತ್ತದೆ. ಗ್ರಾಹಕರ ಫೋನಿನ ಮೇಲೆ ಫೋನು ಬರುತ್ತದೆ, ಕೇಬಲ್ ಸಡಿಲವಾಗಿದೆಯೇ ಎಂದು ಕೇಳುತ್ತಾರೆ. ಆ ಕಾಟವನ್ನೇ ಈ ಸಲ ಅಳತೆಗೆ ಬಳಸೋಣ ಎನ್ನಿಸಿದೆ.

ನನ್ನ ಬಳಿ ಇರುವುದು 90 ಸೆಂಟಿಮೀಟರಿನ ಸಾಮಾನ್ಯ ಆಫ್‌ಸೆಟ್ ಡಿಶ್, ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೂತು ಸಂಕೇತ ಹಿಡಿದು ಬಲಪಡಿಸುವ ಡಬ್ಬಿ), ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್), ಲ್ಯಾಪ್‌ಟಾಪ್. ತಾರಸಿಯ ಮೇಲೆ ಪರೀಕ್ಷೆ ಮಾಡಿದ್ದೇನೆ. 11 ಗಿಗಾಹರ್ಟ್ಸ್ ಹತ್ತಿರ, ಖಾಲಿ ಆಕಾಶಕ್ಕಿಂತ ಸೂರ್ಯನ ಕಡೆ ತಿರುಗಿಸಿದಾಗ ಸಂಕೇತ 7 ಡೆಸಿಬೆಲ್ ಏರುತ್ತದೆ. ಕೈಯನ್ನು ಎಲ್‌ಎನ್‌ಬಿ ಮುಂದೆ ಹಿಡಿದರೂ ಏರುತ್ತದೆ, ಅದು ಬೇರೆ ಮಾತು.

ಕೇಳಬೇಕಾದದ್ದು ಇಷ್ಟು. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಈ 7 ಡೆಸಿಬೆಲ್ ಪೂರ್ತಿ ಹೋಗಿ ಖಾಲಿ ಆಕಾಶದ ಮಟ್ಟಕ್ಕೆ ಇಳಿಯುತ್ತದೆಯೇ? ಇದಕ್ಕಿಂತ ಕಡಿಮೆ ಆವರ್ತನದಲ್ಲಿ, ಹಳೆಯ ಟಿವಿ ಆಂಟೆನಾದಂಥ ಯಾಗಿ ಆಂಟೆನಾ ಹಿಡಿದು ಮಾಡಿದರೆ ಹೆಚ್ಚು ತಿಳಿಯುತ್ತದೆಯೇ? ಮತ್ತು ಇದರಲ್ಲಿ ನಿಜವಾಗಿ ಕಲಿಯುವಂಥದ್ದು ಏನಾದರೂ ಇದೆಯೇ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹುಬ್ಬಳ್ಳಿ ಹ್ಯಾಮ್

ಒಳ್ಳೆಯ ಯೋಚನೆ ಸರ್. ನಾನು ಹವ್ಯಾಸಿ ರೇಡಿಯೊದವನು, ಆದ್ದರಿಂದ ನನಗೆ ಗೊತ್ತಿರುವ ಮಗ್ಗುಲನ್ನು ಹೇಳುತ್ತೇನೆ. ಗ್ರಹಣದ ನೆರಳು ಬಿದ್ದ ಜಾಗದ ಮೇಲೆ ಅಯಾನುಗೋಳದ, ಅಂದರೆ ಬಿಸಿಲಿನಿಂದ ವಿದ್ಯುದಾವೇಶ ಪಡೆದ ಮೇಲಿನ ವಾಯುಮಂಡಲದ, ಕೆಳಪದರ ಸೊರಗುತ್ತದೆ. ಹಗಲಿನಲ್ಲಿ ಆ ಪದರ ನುಂಗಿಹಾಕುತ್ತಿದ್ದ ಮೀಡಿಯಂ ವೇವ್ ಕೇಂದ್ರಗಳು ರಾತ್ರಿಯಂತೆ ದೂರದಿಂದ ಕೇಳಿಸತೊಡಗುತ್ತವೆ. 2017ರ ಆಗಸ್ಟ್ 21ರ ಗ್ರಹಣದಲ್ಲಿ ಅಮೆರಿಕದ ಹವ್ಯಾಸಿಗಳು ಒಟ್ಟಾಗಿ ಕೂತು ಇದನ್ನೇ ದಾಖಲಿಸಿದರು. ಡಿಶ್ ಜೊತೆಗೆ ಒಂದು ಸಾಧಾರಣ ಟ್ರಾನ್ಸಿಸ್ಟರ್ ರೇಡಿಯೊ ಇಟ್ಟುಕೊಂಡು, ದೂರದ ಒಂದು ಕೇಂದ್ರಕ್ಕೆ ಹಚ್ಚಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಖರ್ಚಿಲ್ಲ.

ಸೂರ್ಯನಿಂದಲೇ ಬರುವ ಅಲೆಗಳ ಬಗ್ಗೆ ನನಗಿಂತ ತಿಳಿದವರು ಈ ಗುಂಪಿನಲ್ಲಿದ್ದಾರೆ, ಅವರು ಬರೆಯಲಿ.

ಬಯಲಿನ ಡೈಪೋಲ್

ಕಡಲತಡಿಯವರೇ, ಮೊದಲ ಪ್ರಶ್ನೆಗೆ ನೇರ ಉತ್ತರ: ಇಳಿಯುವುದಿಲ್ಲ. ಇಳಿಯದೆ ಉಳಿಯುವ ಆ ಚೂರಿಗಾಗಿಯೇ ನೀವು ಈ ಪ್ರಯೋಗ ಮಾಡಬೇಕು.

ನಾನು ಗೌರಿಬಿದನೂರಿನ ಆಂಟೆನಾ ಬಯಲಿನಲ್ಲಿ ರಿಸೀವರ್‌ಗಳನ್ನು ನೋಡಿಕೊಂಡು ನಿವೃತ್ತಳಾದವಳು. ಅಲ್ಲಿ 34.5 ಮೆಗಾಹರ್ಟ್ಸ್‌ಗೆಂದು ಸಾವಿರ ಡೈಪೋಲ್‌ಗಳನ್ನು (ಸರಳ ಕಡ್ಡಿ ಆಂಟೆನಾಗಳನ್ನು) ಟಿ ಅಕ್ಷರದ ಆಕಾರದಲ್ಲಿ ನೆಟ್ಟಿದ್ದರು. 1997ರಿಂದ ಸೂರ್ಯನಿಗೆಂದೇ ಕಟ್ಟಿದ ರೇಡಿಯೊಹೀಲಿಯೋಗ್ರಾಫ್ ಬಂದಿತು, 40ರಿಂದ 150 ಮೆಗಾಹರ್ಟ್ಸ್ ವರೆಗಿನದು. ಅಷ್ಟು ಉದ್ದದ ಅಲೆಗಳಲ್ಲಿ ನೋಡಿದರೆ ಸೂರ್ಯನಿಗೆ ನಾವು ಕಾಣುವ ಈ ದುಂಡನೆಯ ಗಟ್ಟಿ ಅಂಚೇ ಇಲ್ಲ. ಕಣ್ಣಿಗೆ ಕಾಣುವ ಬಿಂಬಕ್ಕಿಂತ ಎಷ್ಟೋ ದೊಡ್ಡದಾಗಿ, ಹೊರಗೆ ಹೋದಂತೆ ಮಸುಕಾಗುತ್ತಾ ಹರಡಿಕೊಂಡಿರುತ್ತಾನೆ. ಚಂದ್ರ ಬಂದು ನಡುವೆ ನಿಂತರೂ ಸುತ್ತಲಿನ ಭಾಗ ಹೊರಗೇ ಉಳಿಯುತ್ತದೆ.

ಏಕೆ ಹೀಗೆ ಎಂದರೆ, ರೇಡಿಯೊ ಅಲೆ ಪ್ಲಾಸ್ಮಾದಿಂದ, ಅಂದರೆ ಎಲೆಕ್ಟ್ರಾನುಗಳು ಬಿಡಿಯಾಗಿರುವ ಸೂರ್ಯನ ಬಿಸಿ ಅನಿಲದಿಂದ, ಹೊರಬರಬೇಕಾದರೆ ಅದರ ಆವರ್ತನ ಆ ಜಾಗದ ಪ್ಲಾಸ್ಮಾ ಆವರ್ತನಕ್ಕಿಂತ ಮೇಲಿರಬೇಕು. ಲೆಕ್ಕ ಬಾಯಲ್ಲೇ ಹಾಕಬಹುದು. ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿ, ಉತ್ತರ ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಕರೋನಾದ, ಅಂದರೆ ಸೂರ್ಯನ ಹೊರ ವಾತಾವರಣದ, ಕೆಳಭಾಗದಲ್ಲಿ ಹತ್ತು ಕೋಟಿ ಎಲೆಕ್ಟ್ರಾನುಗಳಿರುವ ಎತ್ತರವನ್ನು ತೆಗೆದುಕೊಂಡರೆ 90 ಮೆಗಾಹರ್ಟ್ಸ್. ಅದಕ್ಕಿಂತ ಕೆಳಗಿನ ಪದರಗಳಿಂದ 90 ಮೆಗಾಹರ್ಟ್ಸ್ ಅಲೆ ನಮಗೆ ತಲುಪುವ ಹಾಗೇ ಇಲ್ಲ, ತಲುಪುವುದೆಲ್ಲ ಅದರ ಮೇಲಿನದು. ನಿಮ್ಮ 11 ಗಿಗಾಹರ್ಟ್ಸ್‌ಗೆ ಕರೋನಾ ಗಾಜಿನಷ್ಟು ಪಾರದರ್ಶಕ, ಅದು ಕರೋನಾದ ಕೆಳಗಿನ ತೆಳು ಪದರವಾದ ವರ್ಣಗೋಳದಿಂದಲೇ ಎದ್ದು ಬರುತ್ತದೆ. ಹೀಗೆ ಆವರ್ತನ ಬದಲಿಸಿದಾಗಲೆಲ್ಲ ನೀವು ಸೂರ್ಯನ ಬೇರೊಂದು ಎತ್ತರವನ್ನು ನೋಡುತ್ತೀರಿ. ಕಣ್ಣಿಗೆ ಕಾಣುವ ಮೇಲ್ಮೈ 5800 ಕೆಲ್ವಿನ್, ನಿಮ್ಮ ಡಿಶ್ಶಿಗೆ ಕಾಣುವ ಸೂರ್ಯ ಹನ್ನೆರಡು ಸಾವಿರದ ಆಸುಪಾಸು, ಮೀಟರ್ ಅಲೆಗಳಲ್ಲಿ ಕಾಣುವವನು ಹತ್ತು ಲಕ್ಷದ ಆಸುಪಾಸು.

ಇದು ಪುಸ್ತಕದ ಮಾತಾಗಿಯೇ ಉಳಿಯದೆ ಕಣ್ಣೆದುರು ಸಾಬೀತಾದದ್ದು ಗ್ರಹಣದಿಂದಲೇ. ಆ ಕಥೆ ನನಗೆ ಬಹಳ ಪ್ರಿಯ, ಸ್ವಲ್ಪ ಹೇಳಿಬಿಡುತ್ತೇನೆ. 1942ರ ಫೆಬ್ರವರಿ ಕೊನೆಯಲ್ಲಿ ಇಂಗ್ಲೆಂಡಿನ ಸೇನಾ ರೇಡಾರ್‌ಗಳು ಹಗಲುಹೊತ್ತು ಕೆಟ್ಟ ಗದ್ದಲದಿಂದ ಕುರುಡಾದವು. ಶತ್ರುಗಳ ಕುತಂತ್ರ ಎಂದುಕೊಂಡಿದ್ದಾಗ, ಗದ್ದಲ ಬರುವ ದಿಕ್ಕು ಸೂರ್ಯನ ಜೊತೆಗೇ ಸರಿಯುತ್ತಿದೆ ಎಂದು ಅಲ್ಲಿನ ವಿಜ್ಞಾನಿ ಜೆ. ಎಸ್. ಹೇ ಗುರುತಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ರಷ್ಯದ ವಿಟಾಲಿ ಗಿಂಜ್‌ಬರ್ಗ್ ಮತ್ತು ಯೋಸಿಫ್ ಶ್ಕ್ಲೋವ್‌ಸ್ಕಿ, ಆಸ್ಟ್ರೇಲಿಯದ ಡೇವಿಡ್ ಮಾರ್ಟಿನ್ ಇವರೆಲ್ಲ ಮೀಟರ್ ಅಲೆಗಳು ಕರೋನಾದಿಂದಲೇ ಹೊರಡಬೇಕು ಎಂದು ಲೆಕ್ಕದಿಂದ ತೋರಿಸಿದರು. ಸಾಬೀತುಪಡಿಸುವುದು ಹೇಗೆ? ಆಗಿನ ಆಂಟೆನಾಗಳಿಗೆ ಸೂರ್ಯನ ನಡುವನ್ನೂ ಅಂಚನ್ನೂ ಬೇರೆ ಮಾಡಿ ನೋಡುವ ಶಕ್ತಿ ಇರಲಿಲ್ಲ. ಚಂದ್ರನೇ ಬಂದು ನಡುವನ್ನು ಮುಚ್ಚಬೇಕಿತ್ತು.

1947ರ ಮೇ 20ರಂದು ಬ್ರೆಜಿಲ್‌ನಲ್ಲಿ ಖಗ್ರಾಸ ಗ್ರಹಣ. ಸೋವಿಯತ್ ತಂಡ ಗ್ರಿಬೊಯೆದೊವ್ ಎಂಬ ಹಡಗಿನಲ್ಲಿ ಅಲ್ಲಿಗೆ ಹೋಯಿತು. ಒಂದೂವರೆ ಮೀಟರ್ ತರಂಗಾಂತರಕ್ಕೆ ಕಟ್ಟಿದ ಡೈಪೋಲ್‌ಗಳ ದೊಡ್ಡ ಚೌಕಟ್ಟನ್ನು ಹಡಗಿನ ಮೇಲೆಯೇ ನಿಲ್ಲಿಸಿದ್ದರು. ಚೌಕಟ್ಟನ್ನು ಮೇಲೆ ಕೆಳಗೆ ಬಾಗಿಸಬಹುದಿತ್ತು, ಆದರೆ ಎಡಬಲಕ್ಕೆ ತಿರುಗಿಸಲು ಆಗುತ್ತಿರಲಿಲ್ಲ. ಅದಕ್ಕೆ ಇಡೀ ಹಡಗನ್ನೇ ತಿರುಗಿಸುತ್ತಾ ಸೂರ್ಯನನ್ನು ಹಿಂಬಾಲಿಸಿದರು. ಖೈಕಿನ್ ಮತ್ತು ಚಿಖಾಚೆವ್ ಅಳತೆ ತೆಗೆದರು. ಚಂದ್ರ ಬಿಂಬವನ್ನು ಪೂರ್ತಿ ಮುಚ್ಚಿದ ಗಳಿಗೆಯಲ್ಲಿ ಉಳಿದದ್ದು ಶೇಕಡಾ 40. ಒಳನಾಡಿನಲ್ಲಿ ಬೆಳಕಿನ ದೂರದರ್ಶಕ ಹೂಡಿ ಕೂತಿದ್ದವರಿಗೆ ಮೋಡ ಅಡ್ಡ ಬಂದಿತು, ರೇಡಿಯೊದವರಿಗೆ ಮೋಡದ ಹಂಗಿರಲಿಲ್ಲ. ಗಿಂಜ್‌ಬರ್ಗ್, ಶ್ಕ್ಲೋವ್‌ಸ್ಕಿ ಇಬ್ಬರೂ ಆ ಯಾತ್ರೆಯಲ್ಲಿದ್ದರು. ತಮ್ಮ ಲೆಕ್ಕ ನಿಜವಾಗುವುದನ್ನು ಎದುರಿಗೇ ಕಾಣುವ ಭಾಗ್ಯ ಎಷ್ಟು ಮಂದಿಗೆ ಸಿಗುತ್ತದೆ!

ಎರಡನೆಯ ಪ್ರಶ್ನೆ, ಯಾಗಿಯದು. ಶಾಂತ ಸೂರ್ಯ ಮೀಟರ್ ಅಲೆಗಳಲ್ಲಿ ಬಹಳ ಬಡವ. ಆ ಆವರ್ತನದಲ್ಲಿ ಆಕಾಶಗಂಗೆಯ ಹಿನ್ನೆಲೆಯೇ ನೂರಾರು ಕೆಲ್ವಿನ್ ಇರುತ್ತದೆ, ಅದರ ಮೇಲೆ ನಗರದ ಎಲ್‌ಇಡಿ ದೀಪ, ಲಿಫ್ಟು, ಏಸಿಗಳ ಗದ್ದಲ. ಒಂದು ಯಾಗಿಗೆ ಸೂರ್ಯ ಅದರೊಳಗೆ ಕಳೆದುಹೋಗುತ್ತಾನೆ. ಅಷ್ಟು ದೊಡ್ಡ ಚೌಕಟ್ಟನ್ನು ಹಡಗಿನ ಮೇಲೆ ಹೊತ್ತು ಸಾಗರ ದಾಟಿದ್ದು ಸುಮ್ಮನೆ ಅಲ್ಲ. ನೀವು ಡಿಶ್ಶನ್ನೇ ಹಿಡಿಯಿರಿ. 1980ರ ಫೆಬ್ರವರಿ 16ರ ಗ್ರಹಣಕ್ಕೆ ಹೈದರಾಬಾದ್ ಬಳಿಯ ಜಪಲ್ ರಂಗಾಪುರ ವೀಕ್ಷಣಾಲಯದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದವರು ಬಳಸಿದ್ದು ಹತ್ತು ಅಡಿಯ ಡಿಶ್, 10 ಗಿಗಾಹರ್ಟ್ಸ್. ನಿಮ್ಮ ಆವರ್ತನಕ್ಕೆ ನೆರೆಯದು.

ಈಗ ನಿಮ್ಮ 7 ಡೆಸಿಬೆಲ್ಲಿಗೆ ಬರೋಣ. ಅದು ಐದು ಪಟ್ಟು. ರೇಡಿಯೊದವರು ಗದ್ದಲದ ಬಲವನ್ನೂ ತಾಪದಂತೆ ಕೆಲ್ವಿನ್‌ನಲ್ಲೇ ಹೇಳುತ್ತಾರೆ. ಸಲಕರಣೆಯ ಸ್ವಂತ ಗದ್ದಲ ಮತ್ತು ಆಕಾಶ ಸೇರಿ 120 ಕೆಲ್ವಿನ್ ಎಂದಿಟ್ಟುಕೊಂಡರೆ ಸೂರ್ಯನ ಪಾಲು 480 ಕೆಲ್ವಿನ್. ನಿಮ್ಮ ಡಿಶ್ಶಿನ ಕಿರಣದ ಅಗಲ ಎರಡು ಡಿಗ್ರಿ, ಸೂರ್ಯ ಅರ್ಧ ಡಿಗ್ರಿ, ಆದ್ದರಿಂದ ಈ ಸಂಖ್ಯೆ ಹೊಂದುತ್ತದೆ. ಪೂರ್ಣ ಗ್ರಾಸದಲ್ಲಿ ಉಳಿಯುವುದು ಇದರ ಕೆಲವೇ ಶೇಕಡಾ. ಶೇಕಡಾ 4 ಎಂದರೆ ಸುಮಾರು 20 ಕೆಲ್ವಿನ್, 120ರ ಮೇಲೆ 20, ಅಂದರೆ ಮುಕ್ಕಾಲು ಡೆಸಿಬೆಲ್ಲಿಗೂ ಕಡಿಮೆ. ಮುಳ್ಳಿನ ಮೀಟರಿನಲ್ಲಿ ಗೊತ್ತಾಗುವುದಿಲ್ಲ, ಲ್ಯಾಪ್‌ಟಾಪಿನ ದಾಖಲೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೆ ಅದಷ್ಟನ್ನೂ ಸೂರ್ಯನ ಖಾತೆಗೆ ಬರೆಯಬೇಡಿ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಕಣ್ಣಿಗೆ ಅಮಾವಾಸ್ಯೆಯ ಚಂದ್ರ ಕಪ್ಪು, ರೇಡಿಯೊಗೆ ಅಲ್ಲ. ಬೆಚ್ಚಗಿನ ಬಂಡೆ ಅದು, ಸೆಂಟಿಮೀಟರ್ ಅಲೆಗಳಲ್ಲಿ ಇನ್ನೂರು ಚಿಲ್ಲರೆ ಕೆಲ್ವಿನ್ ತಾನೇ ಸೂಸುತ್ತದೆ. ನಿಮ್ಮ ಡಿಶ್ಶಿನಲ್ಲಿ ಅದೇ ಸುಮಾರು 10 ಕೆಲ್ವಿನ್ ಆಗುತ್ತದೆ. ಉಳಿದದ್ದರ ಅರ್ಧ ಚಂದ್ರನದು ಎಂದಾಯಿತು! ಇದನ್ನು ಊಹಿಸುವ ಅಗತ್ಯವಿಲ್ಲ, ಅಳೆಯಬಹುದು. ಜುಲೈ ತಿಂಗಳ ಹುಣ್ಣಿಮೆಯ ರಾತ್ರಿ ಅದೇ ಡಿಶ್ಶನ್ನು ಅದೇ ಸೆಟ್ಟಿಂಗಿನಲ್ಲಿ ಚಂದ್ರನ ಕಡೆ ತಿರುಗಿಸಿ, ಪಕ್ಕದ ಖಾಲಿ ಆಕಾಶಕ್ಕೆ ಹೋಲಿಸಿ. ಈ ತರಂಗಾಂತರದ ಅಲೆಗಳು ಚಂದ್ರನ ನೆಲದ ಒಳಗಿಂದ ಬರುವುದರಿಂದ ಹುಣ್ಣಿಮೆಗೂ ಅಮಾವಾಸ್ಯೆಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಬಂದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಆಗಸ್ಟ್ 2ರ ಸಂಖ್ಯೆಯಿಂದ ಕಳೆಯಿರಿ.

ಇನ್ನೊಂದು ವಿಶೇಷ. ಅಂದಿನ ಚಂದ್ರಬಿಂಬದ ವ್ಯಾಸ ಸೂರ್ಯಬಿಂಬದ 1.079 ಪಟ್ಟು. ಅಂದರೆ ಗ್ರಹಣದ ಮಧ್ಯಕಾಲದಲ್ಲಿ ಚಂದ್ರ ವರ್ಣಗೋಳದ ಅಂಚನ್ನೂ ಮುಚ್ಚಿಕೊಂಡು ಆಚೆಗೂ ಚಾಚಿರುತ್ತಾನೆ. ನಿಮೀಲನವಾದ (ಬಿಂಬ ಪೂರ್ತಿ ಮುಚ್ಚಿದ) ಕೂಡಲೇ ಒಂದು ಪಕ್ಕದಲ್ಲಿ ಸ್ವಲ್ಪ ಅಂಚು ಹೊರಗಿರುತ್ತದೆ, ಉನ್ಮೀಲನಕ್ಕೆ (ಬಿಂಬ ಮತ್ತೆ ತೆರೆಯುವುದಕ್ಕೆ) ಮುನ್ನ ಇನ್ನೊಂದು ಪಕ್ಕದಲ್ಲಿ. ಆದ್ದರಿಂದ ನಿಮ್ಮ ರೇಖೆಯ ತಳ ಸಪಾಟಾಗಿರದೆ ಬಾಣಲೆಯ ತಳದ ಹಾಗೆ ನಡುವೆ ತುಸು ತಗ್ಗಿರಬೇಕು. ಎರಡು ನಿಮಿಷದ ಗ್ರಹಣದಲ್ಲಿ ಇದನ್ನು ಹಿಡಿಯುವುದು ಕಷ್ಟ, ಆರು ನಿಮಿಷ ಸಿಕ್ಕರೆ ಹಿಡಿಯಬಹುದು. ನಿಮ್ಮ ಊರಿಗೆ ಬಂದಿರುವ ಅದೃಷ್ಟ ಇದು.

ಮೂರನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಚಂದ್ರನ ಅಂಚು ಸೂರ್ಯನ ಮೇಲೆ ಸೆಕೆಂಡಿಗೆ ಅರ್ಧ ಆರ್ಕ್‌ಸೆಕೆಂಡಿಗಿಂತ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ) ತುಸು ಕಡಿಮೆ ವೇಗದಲ್ಲಿ ಸರಿಯುತ್ತದೆ. ಎರಡು ಡಿಗ್ರಿ ಅಗಲದ ಮೊಂಡು ಕಿರಣವಿರುವ ನಿಮ್ಮ ಡಿಶ್, ಆ ಅಂಚಿನ ದಯೆಯಿಂದ, ಕೆಲವೇ ಆರ್ಕ್‌ಸೆಕೆಂಡಿನ ಸೂಕ್ಷ್ಮವನ್ನು ಕಾಣಬಲ್ಲದು. ಒಂದು ಸೌರಕಲೆಯ ಗುಂಪು ಮುಚ್ಚಿದಾಗ ರೇಖೆ ಇಳಿಜಾರಿನಲ್ಲಿ ಒಂದು ಮೆಟ್ಟಿಲು ಇಳಿಯುತ್ತದೆ, ತೆರೆದಾಗ ಒಂದು ಮೆಟ್ಟಿಲು ಏರುತ್ತದೆ. 1946ರ ನವೆಂಬರ್ 23ರಂದು ಕೆನಡಾದಲ್ಲಿ ಆರ್ಥರ್ ಕವಿಂಗ್ಟನ್ ಒಂದು ಪಾರ್ಶ್ವ ಗ್ರಹಣದಲ್ಲಿ 10.7 ಸೆಂಟಿಮೀಟರಿನಲ್ಲಿ ಕಂಡದ್ದು ಇದನ್ನೇ. ಆ ತರಂಗಾಂತರದ ದೈನಂದಿನ ಅಳತೆ ಇಂದಿಗೂ ಸೂರ್ಯನ ಚಟುವಟಿಕೆಯ ಅಳತೆಗೋಲು. ಆಸ್ಟ್ರೇಲಿಯದಲ್ಲಿ 1948ರ ನವೆಂಬರ್ 1ರ ಪಾರ್ಶ್ವ ಗ್ರಹಣಕ್ಕೆ ಕ್ರಿಶ್ಚಿಯನ್‌ಸೆನ್, ಯಾಬ್ಸ್‌ಲೀ ಮತ್ತು ಮಿಲ್ಸ್ ಮೂರು ಬೇರೆ ಬೇರೆ ಊರುಗಳಲ್ಲಿ ಆಂಟೆನಾ ಇಟ್ಟರು: ಸಿಡ್ನಿಯ ಪಾಟ್ಸ್ ಹಿಲ್, ವಿಕ್ಟೋರಿಯದ ರಾಕ್‌ಬ್ಯಾಂಕ್, ಟಾಸ್ಮೇನಿಯದ ಸ್ಟ್ರಾಹನ್. ಮೂರೂ ಕಡೆ ಚಂದ್ರನ ಅಂಚು ಬೇರೆ ಬೇರೆ ಓರೆಯಲ್ಲಿ ಹಾಯುವುದರಿಂದ, ಮೂರು ಗೆರೆಗಳು ಕೂಡುವ ಜಾಗವೇ ರೇಡಿಯೊ ಸೂಸುವ ಚುಕ್ಕೆ. ಎಷ್ಟು ಅಚ್ಚುಕಟ್ಟು! ಪಾಟ್ಸ್ ಹಿಲ್‌ನಲ್ಲಿ ಮುಂದೆ ಸೂರ್ಯನಿಗೆಂದು ನಿಂತ 32 ಚಿಕ್ಕ ಡಿಶ್‌ಗಳೇ ರೇಡಿಯೊ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪರ ಮೂಲಕ ಭಾರತಕ್ಕೆ ಬಂದು, 1965ರಲ್ಲಿ ಮುಂಬೈ ಬಳಿಯ ಕಲ್ಯಾಣದಲ್ಲಿ ಕೆಲಸ ಆರಂಭಿಸಿದವು. ನಮ್ಮ ದೇಶದ ರೇಡಿಯೊ ಖಗೋಳದ ಬೇರು ಅಲ್ಲಿದೆ.

ಲಕ್ಸರ್‌ನಲ್ಲಿಯೋ ದಕ್ಷಿಣ ಸ್ಪೇನಿನಲ್ಲಿಯೋ ಇನ್ನೊಬ್ಬ ಡಿಶ್ಶಿನವರು ಸಿಕ್ಕರೆ ಜೊತೆ ಮಾಡಿಕೊಳ್ಳಿ. ಒಬ್ಬರ ದಾಖಲೆ ಒಂದು ಗೆರೆ, ಇಬ್ಬರದು ಒಂದು ಬಿಂದು.

ಕಡಲತಡಿಯವ

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಚಂದ್ರನೂ ಸೂಸುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ, ಹುಣ್ಣಿಮೆಯ ಅಳತೆ ಖಂಡಿತ ಮಾಡುತ್ತೇನೆ. ಇನ್ನೆರಡು ತೊಡಕುಗಳಿವೆ. ಆಗಸ್ಟಿನಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಮಾಮೂಲಿ ಕಂಬದ ಮೇಲೆ ಡಿಶ್ಶನ್ನು ಅಷ್ಟು ಮೇಲಕ್ಕೆ ಎತ್ತಿ ಹಿಂಬಾಲಿಸುವುದು ಬಹಳ ಒದ್ದಾಟ. ಆಫ್‌ಸೆಟ್ ಆದ್ದರಿಂದ ಡಿಶ್ ನೋಡುವ ದಿಕ್ಕೇ ಒಂದು, ಹಿಡಿಯುವ ದಿಕ್ಕೇ ಒಂದು. ಎರಡನೆಯದು, ನಮ್ಮ ಪಾಲಿನ ಉಪಗ್ರಹಗಳು ನಡುವೆ ಬಂದು ಅಳತೆ ಕೆಡಿಸುತ್ತವೆಯೇ?

ಬಯಲಿನ ಡೈಪೋಲ್

ಉಪಗ್ರಹಗಳ ಚಿಂತೆ ಬಿಡಿ. ಜೆದ್ದಾದಿಂದ ನೋಡಿದರೆ ಅವುಗಳ ಸಾಲು ಖಗೋಳ ವಿಷುವದ್ರೇಖೆಯಿಂದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯಿಂದ) ಮೂರೂವರೆ ಡಿಗ್ರಿ ದಕ್ಷಿಣಕ್ಕೆ, ಆಗಸ್ಟ್ 2ರ ಸೂರ್ಯನ ಕ್ರಾಂತಿ, ಅಂದರೆ ಆ ಗೆರೆಯಿಂದ ಅವನ ದೂರ, ಉತ್ತರಕ್ಕೆ 17.7 ಡಿಗ್ರಿ. ಇಪ್ಪತ್ತು ಡಿಗ್ರಿಗೂ ಹೆಚ್ಚು ಅಂತರ. ಮಾರ್ಚ್, ಅಕ್ಟೋಬರಿನ ಕಾಟ ಆಗಸ್ಟಿನಲ್ಲಿ ಏಕಿಲ್ಲ ಎಂಬುದಕ್ಕೂ ಇದೇ ಕಾರಣ.

ಹಿಂಬಾಲಿಸುವುದಕ್ಕೆ ನಿಮ್ಮ ಕಸುಬಿನಲ್ಲೇ ಉಪಾಯವಿದೆ. ಹಳೆಯ ಸಿ ಬ್ಯಾಂಡ್ ಡಿಶ್‌ಗಳ ಪೋಲಾರ್ ಮೌಂಟ್ ಕಂಡಿರುತ್ತೀರಿ. ಅದೇ ತತ್ವ. ಒಂದು ಗಟ್ಟಿ ಪೈಪನ್ನು ನಿಜವಾದ ಉತ್ತರಕ್ಕೆ ಮುಖ ಮಾಡಿ, ನೆಲಕ್ಕೆ 21.5 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದು ನಿಮ್ಮ ಊರಿನ ಅಕ್ಷಾಂಶ. ಪೈಪಿನ ಉತ್ತರ ತುದಿಯಿಂದ ಡಿಶ್ಶಿನ ಕಿರಣಕ್ಕೆ 72.3 ಡಿಗ್ರಿ ಕೋನ ಬರುವಂತೆ ಬಿಗಿಯಿರಿ. ಆಮೇಲೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಪೈಪಿನ ಸುತ್ತ ತಿರುಗಿಸಿದರೆ ಸಾಕು, ಸೂರ್ಯ ಡಿಶ್ಶಿನೊಳಗೇ ಇರುತ್ತಾನೆ. ಮಾಮೂಲಿ ಕಂಬದಲ್ಲಿ ಮಾಡಹೊರಟರೆ, ಅಲ್ಲಿನ ಗಡಿಯಾರದ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನೆತ್ತಿಯಿಂದ ನಾಲ್ಕೇ ಡಿಗ್ರಿ ದೂರದಲ್ಲಿ ಹಾಯುತ್ತಾನೆ. ಕೆಲವೇ ನಿಮಿಷಗಳಲ್ಲಿ ಡಿಶ್ಶನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಬೇಕಾಗುತ್ತದೆ, ಪಾರ್ಶ್ವ ಹಂತದ ರೇಖೆ ಅಲ್ಲೇ ಹರಿದುಹೋಗುತ್ತದೆ.

ಗುರಿ ಹಿಡಿಯಲು ಬೆರಳುಗುರಿನಷ್ಟು ಕನ್ನಡಿಯ ಚೂರನ್ನು ಡಿಶ್ಶಿನ ನಡುವೆ, ಮೇಲ್ಮೈಗೆ ಸಪಾಟಾಗಿ ಅಂಟಿಸಿ. ಡಿಶ್ಶಿನ ಬಾಗು ಪರವಲಯದ (ಪ್ಯಾರಾಬೊಲಾದ) ಆಕಾರದ್ದು, ಅದರ ಯಾವ ಬಿಂದುವಿನಲ್ಲಿ ಅಂಟಿಸಿದರೂ, ಸೂರ್ಯ ಕಿರಣದ ದಿಕ್ಕಿಗೆ ಸರಿಯಾಗಿ ಬಂದಾಗ ಆ ಬೆಳಕಿನ ಚುಕ್ಕೆ ನೇರ ಎಲ್‌ಎನ್‌ಬಿಯ ಬಾಯಿಗೇ ಬೀಳುತ್ತದೆ. ಆಫ್‌ಸೆಟ್ ಕೋನ ಎಷ್ಟು ಎಂಬ ಲೆಕ್ಕವೇ ಬೇಡ. ಚೂರು ಚಿಕ್ಕದಿರಲಿ, ಡಿಶ್ ತುಂಬ ಹೊಳೆಯುವ ಕಾಗದ ಅಂಟಿಸಬೇಡಿ, ಎಲ್‌ಎನ್‌ಬಿ ಕರಗುತ್ತದೆ. ಪೂರ್ಣ ಗ್ರಾಸದಲ್ಲಿ ಚುಕ್ಕೆ ಇರುವುದಿಲ್ಲ, ಆಗ ಗಡಿಯಾರವನ್ನೇ ನಂಬಿ ತಿರುಗಿಸಬೇಕು. ಅದಕ್ಕಾಗಿ ಅಭ್ಯಾಸ ಮಾಡಿ. ಮೇ 10ರ ಸುಮಾರಿಗೆ ಸೂರ್ಯನ ಕ್ರಾಂತಿ ಆಗಸ್ಟ್ 2ರಷ್ಟೇ ಇರುತ್ತದೆ, ಆಕಾಶದಲ್ಲಿ ಅದೇ ದಾರಿ ಹಿಡಿಯುತ್ತಾನೆ. ಅಂದು ಸ್ಪರ್ಶದಿಂದ ಮೋಕ್ಷದವರೆಗಿನ ಹೊತ್ತಿನ ಪೂರ್ತಿ ತಾಲೀಮು ಮಾಡಿ. ಗ್ರಹಣವಿಲ್ಲದ ದಿನದ ಆ ರೇಖೆ ಸಮತಟ್ಟಾಗಿ ಬಂದರೆ ಮಾತ್ರ ನಿಮ್ಮ ಸಲಕರಣೆ ಸಿದ್ಧ ಎಂದರ್ಥ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ಮಾತಿದೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಿಮ್ಮ ಶತ್ರು ಗದ್ದಲವಲ್ಲ, ಬಿಸಿಲು. ಎರಡು ಮೆಗಾಹರ್ಟ್ಸ್ ಪಟ್ಟಿಯನ್ನು ಒಂದು ಸೆಕೆಂಡು ಸರಾಸರಿ ಮಾಡಿದರೆ ಗದ್ದಲದ ಏರಿಳಿತ ಒಂದು ಕೆಲ್ವಿನ್ನಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಎಲ್‌ಎನ್‌ಬಿಯ ಗಳಿಕೆ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) ಅದರ ಮೈಯ ಬಿಸಿಯೊಂದಿಗೆ ಸರಿಯುತ್ತದೆ. ಗ್ರಹಣದಲ್ಲಿ ಬಿಸಿಲು ಹೋಗುತ್ತದೆ, ಎಲ್‌ಎನ್‌ಬಿ ತಣ್ಣಗಾಗುತ್ತದೆ. ನೀವು ಹುಡುಕುತ್ತಿರುವ ಮುಕ್ಕಾಲು ಡೆಸಿಬೆಲ್ಲಿನೊಳಗೆ ಡೆಸಿಬೆಲ್ಲಿನ ಹತ್ತನೆಯ ಒಂದೆರಡು ಭಾಗ ಹೀಗೆ ಸರಿದರೆ ಸೂರ್ಯನದು ಯಾವುದು, ತಾಪದ್ದು ಯಾವುದು ಎಂದು ಯಾರೂ ಹೇಳಲಾರರು. ಅದಕ್ಕೆ ಎಲ್‌ಎನ್‌ಬಿಯ ಬಾಯಿ ಬಿಟ್ಟು ಮಿಕ್ಕ ಭಾಗಕ್ಕೆ ದಪ್ಪ ಥರ್ಮೊಕೋಲ್ ಕಟ್ಟಿ, ಮೇಲೆ ಬಿಳಿ ಬಟ್ಟೆ. ಅದೇ ಮಾದರಿಯ ಎರಡನೆಯ ಎಲ್‌ಎನ್‌ಬಿಯನ್ನು ಅದೇ ರೀತಿ ಕಟ್ಟಿ, ನೆರಳಿನಲ್ಲಿರುವ ಗೋಡೆಯನ್ನು ನೋಡುವಂತೆ ಇಟ್ಟು, ಇನ್ನೊಂದು ಡಾಂಗಲ್‌ನಿಂದ ದಾಖಲಿಸಿ. ಅದರ ರೇಖೆ ಎಷ್ಟು ಸರಿಯುತ್ತದೋ ನೋಡಿ, ಮುಖ್ಯ ರೇಖೆಯನ್ನು ತಿದ್ದಬಹುದು. ಸ್ಪರ್ಶಕ್ಕೆ ಮುಂಚೆ ಒಮ್ಮೆ, ಮೋಕ್ಷದ ನಂತರ ಒಮ್ಮೆ ಡಿಶ್ಶನ್ನು ಖಾಲಿ ಆಕಾಶಕ್ಕೆ ತಿರುಗಿಸಿ ಮಟ್ಟ ಬರೆದುಕೊಳ್ಳಿ. ಡಾಂಗಲ್‌ನ ತಾನೇ ಗಳಿಕೆ ಬದಲಿಸಿಕೊಳ್ಳುವ ಸೌಲಭ್ಯವನ್ನು ಆರಿಸಿಡಿ, ಇಲ್ಲದಿದ್ದರೆ ಸೂರ್ಯ ಇಳಿದಂತೆ ಅದು ಗಳಿಕೆ ಏರಿಸಿ ಇಡೀ ಗ್ರಹಣವನ್ನೇ ಅಳಿಸಿಹಾಕುತ್ತದೆ. ಲ್ಯಾಪ್‌ಟಾಪಿನ ಗಡಿಯಾರವನ್ನು ಅಂದು ಬೆಳಿಗ್ಗೆ ಇಂಟರ್ನೆಟ್ ಸಮಯಕ್ಕೆ ಹೊಂದಿಸಿ, ಒಂದು ಸೆಕೆಂಡಿನ ತಪ್ಪೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಹುಬ್ಬಳ್ಳಿಯವರು ಹೇಳಿದ ಟ್ರಾನ್ಸಿಸ್ಟರ್ ಪ್ರಯೋಗವೂ ಚೆನ್ನಾಗಿದೆ. ಅದು ಭೂಮಿಯ ಅಯಾನುಗೋಳದ ಕಥೆ, ಇದು ಸೂರ್ಯನದು. ಎರಡನ್ನೂ ಮಾಡಿ, ಎರಡು ಬೇರೆ ಪುಸ್ತಕಗಳಲ್ಲಿ ಬರೆಯಿರಿ.

ಗದಗಿನ ಮೇಷ್ಟ್ರು

ಇಂಥ ಚರ್ಚೆ ಕನ್ನಡದಲ್ಲಿ ಓದಿ ಬಹಳ ಸಂತೋಷವಾಯಿತು. 1980ರ ಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಒಳಬಂದು ನಮ್ಮ ಗದಗ, ರಾಯಚೂರು ಮೇಲೆಯೇ ಹಾದುಹೋಯಿತು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ, ಮನೆಯವರು ಬಾಗಿಲು ಹಾಕಿ ಒಳಗೆ ಕೂರಿಸಿದ್ದರು. ಈಗ ನಾನೇ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ನನ್ನ ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ. 2027ರ ಆಗಸ್ಟ್ 2ರ ಸಂಜೆ ಕರ್ನಾಟಕದಲ್ಲಿಯೂ ಪಾರ್ಶ್ವ ಗ್ರಹಣ ಇದೆಯಲ್ಲ. ಹಳೆಯ ಡಿಟಿಎಚ್ ಡಿಶ್ ಇಟ್ಟುಕೊಂಡು ನಮ್ಮ ಮಕ್ಕಳು ಏನಾದರೂ ಅಳೆಯಬಹುದೇ ಮೇಡಂ? ಶ್ರಾವಣದ ಹೊಸ್ತಿಲು, ಮೋಡವಿರುತ್ತದೆ ಎಂಬ ಭಯ.

ಬಯಲಿನ ಡೈಪೋಲ್

ಮೇಷ್ಟ್ರೇ, ಖಂಡಿತ ಅಳೆಯಬಹುದು, ಮೋಡಕ್ಕೆ ಹೆದರಬೇಡಿ. 60 ಸೆಂಟಿಮೀಟರಿನ ಮನೆಯ ಡಿಶ್ಶಿಗೆ ಕಿರಣದ ಅಗಲ ಮೂರು ಡಿಗ್ರಿ, ಸೂರ್ಯನ ಸಂಕೇತ ಜೆದ್ದಾದವರ ಡಿಶ್ಶಿನ ಅರ್ಧಕ್ಕಿಂತ ಕಡಿಮೆ ಬರುತ್ತದೆ. ಆದರೂ ಬಿಂಬದ ಕಾಲುಭಾಗ ಮರೆಯಾದರೆ ರೇಖೆ ಕಾಣುವಷ್ಟು ಇಳಿಯುತ್ತದೆ. ಕಪ್ಪು ಮೋಡದ ಹಿಂದೆ ಗ್ರಹಣ ನಡೆಯುತ್ತಿರುವಾಗ ಮಕ್ಕಳು ಪರದೆಯ ಮೇಲೆ ಅದನ್ನು ನೋಡಬಹುದು. ಪಕ್ಕದಲ್ಲೇ ಗ್ರಾಫ್ ಹಾಳೆ ಕೊಟ್ಟು ಐದು ನಿಮಿಷಕ್ಕೊಂದು ಚುಕ್ಕೆ ಹಾಕಿಸಿ. ಮರೆಯಾದ ಬಿಂಬದ ಭಾಗವನ್ನು ಎರಡು ವೃತ್ತಗಳನ್ನು ಬಿಡಿಸಿ ಮೊದಲೇ ಲೆಕ್ಕ ಹಾಕಿಸಿದ್ದರೆ, ರೇಡಿಯೊ ರೇಖೆ ಅದಕ್ಕೆ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಅವರೇ ಕಂಡುಕೊಳ್ಳುತ್ತಾರೆ. ಹೊಂದದ ಜಾಗದಲ್ಲಿ ಅಂದಿನ ಸೌರಕಲೆಯ ಚಿತ್ರ ತೆಗೆದು ತೋರಿಸಿ.

ಎರಡು ಎಚ್ಚರಿಕೆ. ಸಂಜೆಯ ಸೂರ್ಯ ಕೆಳಗಿರುತ್ತಾನೆ, ಅವನ ಪಕ್ಕದಲ್ಲಿ ಕಟ್ಟಡವೋ ಮರವೋ ಕಿರಣದೊಳಗೆ ಬಂದರೆ ಅವುಗಳ ಮುನ್ನೂರು ಕೆಲ್ವಿನ್ ಸೇರಿ ರೇಖೆ ಏರಿಬಿಡುತ್ತದೆ, ಆದ್ದರಿಂದ ಪಶ್ಚಿಮಕ್ಕೆ ಪೂರ್ತಿ ತೆರೆದ ಬಯಲನ್ನೇ ಆರಿಸಿ. ಇನ್ನು ಮಳೆ. ಮೋಡ 11 ಗಿಗಾಹರ್ಟ್ಸ್‌ಗೆ ಹೆಚ್ಚಿನ ಅಡ್ಡಿಯಲ್ಲ, ಆದರೆ ಜೋರು ಮಳೆ ಅಡ್ಡಿಯೇ, ಮಳೆಯಲ್ಲಿ ಟಿವಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಮಳೆಹನಿಗಳು ಸೂರ್ಯನನ್ನು ಮಂಕಾಗಿಸುತ್ತವೆ, ತಾವೂ ಸೂಸುತ್ತವೆ. ಒಬ್ಬ ವಿದ್ಯಾರ್ಥಿಗೆ ಮಳೆ ಶುರುವಾದ ಮತ್ತು ನಿಂತ ಹೊತ್ತನ್ನು ನಿಮಿಷ ಸಹಿತ ಬರೆಯುವ ಕೆಲಸ ಕೊಡಿ, ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ನೀರು ನಿಂತರೆ ಒಣಬಟ್ಟೆಯಿಂದ ಒರೆಸಿ, ಒರೆಸಿದ ಹೊತ್ತನ್ನೂ ಬರೆದಿಡಲು ಹೇಳಿ.